ಕಾಯ್ದೆಯ ಇಂಗ್ಲಿಷಿಗೆ ಯಾವ ಪದದಿಂದ ಶುರು ಮಾಡಲಿ?

ಪ್ರಶ್ನೆ: ನಾನು ರಾಣೆಬೆನ್ನೂರಿನ ಹತ್ತಿರದ ಹಳ್ಳಿಯವಳು. ಬಿ.ಎ. ಮುಗಿಯುವ ತನಕ ಕನ್ನಡ ಮಾಧ್ಯಮದಲ್ಲೇ ಓದಿದೆ. ಈ ವರ್ಷ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿದ್ದೇನೆ. ಕನ್ನಡದಲ್ಲಿ ವಿವರಿಸಿದರೆ ಪಾಠವೆಲ್ಲ ತಿಳಿಯುತ್ತದೆ, ಕಾಯ್ದೆಯ ಪುಸ್ತಕ ತೆರೆದರೆ ಮಾತ್ರ ಎರಡು ಸಾಲು ದಾಟಲು ಆಗುವುದಿಲ್ಲ. ಕಾನೂನು ನಿಘಂಟು ಇಟ್ಟುಕೊಂಡು ದಿನಕ್ಕೆ ಇಪ್ಪತ್ತು ಪದ ಬಾಯಿಪಾಠ ಮಾಡುತ್ತಿದ್ದೇನೆ. ಎರಡು ತಿಂಗಳಾಯಿತು, ಇನ್ನೂ ‘ಬಿ’ ಅಕ್ಷರದಲ್ಲಿದ್ದೇನೆ. ಹೋದ ವಾರ ಕಲಿತದ್ದು ಈ ವಾರ ನೆನಪಿರುವುದಿಲ್ಲ. ನಿಯಮ, ಕಾನೂನುಗಳ ಬಗ್ಗೆ ಇಂಗ್ಲಿಷಿನಲ್ಲಿ ಓದಲು, ಮಾತಾಡಲು ಬೇಕಾದ ಪದಗಳನ್ನು ಹೇಗೆ ಕಲಿಯಬೇಕು? ಇನ್ನೂ ದೊಡ್ಡ ನಿಘಂಟು ಕೊಳ್ಳಲೇ?

ಉತ್ತರ: ತಂಗಿ, ಮೊದಲು ಆ ಇಪ್ಪತ್ತು ಪದಗಳ ಲೆಕ್ಕವನ್ನು ಇವತ್ತಿಗೇ ನಿಲ್ಲಿಸಿ. ನಿಮ್ಮ ನೆನಪಿನ ಶಕ್ತಿಗೆ ಏನೂ ಆಗಿಲ್ಲ. ನಿಘಂಟಿನಲ್ಲಿ ‘ಅಬೆಟ್‌ಮೆಂಟ್’ ಪಕ್ಕ ‘ಅಬೇಯನ್ಸ್’ ಬಂದು ಕೂತದ್ದು ಅಕ್ಷರದ ಕಾರಣಕ್ಕೆ. ಒಂದು ಅಪರಾಧಕ್ಕೆ ಕುಮ್ಮಕ್ಕು, ಇನ್ನೊಂದು ತಾತ್ಕಾಲಿಕ ತಡೆ. ಅವಕ್ಕೂ ಒಂದಕ್ಕೊಂದು ನಂಟಿಲ್ಲ, ನಿಮಗೂ ಅವಕ್ಕೂ ನಂಟಿಲ್ಲ. ಅಂಥವು ತಲೆಯಲ್ಲಿ ನಿಲ್ಲುವುದಾದರೂ ಹೇಗೆ?

ಕಾನೂನು ಓದುವ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತ ಬಂದ ಇಷ್ಟು ವರ್ಷಗಳಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಉದ್ದುದ್ದ ಲ್ಯಾಟಿನ್ ಪದಗಳಿಗೆ ಯಾರೂ ಸೋಲುವುದಿಲ್ಲ. ‘ಹೇಬಿಯಸ್ ಕಾರ್ಪಸ್’ ಅನ್ನು ಒಂದೇ ದಿನದಲ್ಲಿ ಕಲಿಯುತ್ತಾರೆ, ಕಡೆತನಕ ಮರೆಯುವುದಿಲ್ಲ. ಎಡವುವುದು ಮೂರ್ನಾಲ್ಕು ಅಕ್ಷರದ ಪುಟ್ಟ ಪದಗಳಿಗೆ, ಆಮೇಲೆ ಶಾಲೆಯಲ್ಲೇ ಕಲಿತೆವು ಎಂದುಕೊಂಡ ಪದಗಳಿಗೆ. ಗೊತ್ತಿಲ್ಲದ ಪದಕ್ಕೆ ನಿಘಂಟು ನೋಡುತ್ತೀರಿ. ಗೊತ್ತಿದೆ ಎಂದುಕೊಂಡದ್ದಕ್ಕೆ ನೋಡುವುದೇ ಇಲ್ಲವಲ್ಲ, ತೊಂದರೆ ಇರುವುದೇ ಅಲ್ಲಿ.

ಒಮ್ಮೆ ತರಗತಿಯಲ್ಲಿ ‘ಸಾಕ್ಷಿ ನಾಳೆ ಹಾಜರಾಗಬೇಕಾಗಿಲ್ಲ’ ಎಂಬ ವಾಕ್ಯವನ್ನು ಅನುವಾದಕ್ಕೆ ಕೊಟ್ಟಿದ್ದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ‘ದ ವಿಟ್‌ನೆಸ್ ಮಸ್ಟ್ ನಾಟ್ ಅಪಿಯರ್ ಟುಮಾರೋ’ ಎಂದು ಬರೆದರು. ಬೇಕು ಅಂದರೆ ಮಸ್ಟ್, ಹಾಗಾಗಿ ಬೇಕಾಗಿಲ್ಲ ಅಂದರೆ ಮಸ್ಟ್ ನಾಟ್ ಎಂಬ ಲೆಕ್ಕ. ಲೆಕ್ಕ ಸರಿಯಾಗಿಯೇ ಕಾಣುತ್ತದೆ, ಆದರೆ ಬರುವಂತಿಲ್ಲ ಎಂದು ಸಾಕ್ಷಿಯ ಮೇಲೆ ನಿಷೇಧ ಹೇರಿದಂತಾಯಿತು. ಕನ್ನಡದಲ್ಲಿ ನಾವು ಇದನ್ನು ಎಂದೂ ತಪ್ಪುವುದಿಲ್ಲ. ‘ಬರಬೇಕಾಗಿಲ್ಲ’ ಬೇರೆ, ‘ಬರಕೂಡದು’ ಬೇರೆ ಎಂದು ಐದು ವರ್ಷದ ಮಗುವಿಗೂ ಗೊತ್ತು. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ‘ನೀಡ್ ನಾಟ್’, ‘ಡಸ್ ನಾಟ್ ಹ್ಯಾವ್ ಟು’. ಎರಡನೆಯದಕ್ಕೆ ‘ಮಸ್ಟ್ ನಾಟ್’, ಕಾಯ್ದೆಯ ಭಾಷೆಯಲ್ಲಿ ‘ಶಲ್ ನಾಟ್’.

2005ರ ಮಾಹಿತಿ ಹಕ್ಕು ಕಾಯ್ದೆಯ 6ನೇ ಕಲಂ, 2ನೇ ಉಪಕಲಂ ತೆಗೆದು ನೋಡಿ. ಮಾಹಿತಿ ಕೇಳುವ ಅರ್ಜಿದಾರರು ಕಾರಣ ಕೊಡುವ ವಿಷಯ ಅಲ್ಲಿದೆ. ಬಳಸಿದ ಮಾತು ‘ಶಲ್ ನಾಟ್ ಬಿ ರಿಕ್ವೈರ್ಡ್ ಟು ಗಿವ್ ಎನಿ ರೀಸನ್’. ಅಂದರೆ ಯಾವ ಕಾರಣವನ್ನೂ ಕೊಡಬೇಕಾಗಿಲ್ಲ. ‘ಶಲ್ ನಾಟ್ ಗಿವ್’ ಎಂದಿದ್ದರೆ ಕೊಡಕೂಡದು ಎಂದಾಗುತ್ತಿತ್ತು. ನಡುವೆ ‘ಬಿ ರಿಕ್ವೈರ್ಡ್ ಟು’ ಎಂಬ ಮೂರು ಪದ ಸೇರಿ ನಿಷೇಧವನ್ನು ವಿನಾಯಿತಿಯಾಗಿ ಮಾಡಿತು. ‘ಯಾಕೆ ಬೇಕು ಈ ಮಾಹಿತಿ?’ ಎಂದು ಕಚೇರಿಯಲ್ಲಿ ಗದರಿಸಿದಾಗ ನಮ್ಮ ಊರಿನ ರೈತನ ಪರವಾಗಿ ನಿಲ್ಲುವುದು ಈ ಮೂರು ಪದ.

ಇನ್ನು ‘ಶಲ್’ ವಿಷಯ. ‘ಐ’ ಮತ್ತು ‘ವಿ’ ಜೊತೆ ಶಲ್, ಉಳಿದವಕ್ಕೆ ವಿಲ್, ಎರಡೂ ಭವಿಷ್ಯತ್ಕಾಲ ಎಂದು ಹೈಸ್ಕೂಲಿನ ವ್ಯಾಕರಣದಲ್ಲಿ ಹೇಳಿಕೊಟ್ಟಿರುತ್ತಾರೆ. ಕಾಯ್ದೆ ಓದುವಾಗ ಅದನ್ನು ಬದಿಗಿಡಿ. ಅಲ್ಲಿ ‘ಶಲ್’ ಅಂದರೆ ಸಾಮಾನ್ಯವಾಗಿ ‘ತಕ್ಕದ್ದು’. ನಮ್ಮ ಸರ್ಕಾರಿ ಆದೇಶಗಳಲ್ಲಿ ‘ಪಾವತಿಸತಕ್ಕದ್ದು’, ‘ಹಾಜರುಪಡಿಸತಕ್ಕದ್ದು’ ಎಂದು ಬರುತ್ತದಲ್ಲ, ಅದೇ. ‘ಮೇ’ ಅಂದರೆ ‘ಬಹುದು’, ಅಧಿಕಾರ ಕೊಡುವ ಮಾತು. ನ್ಯಾಯಾಲಯಗಳು ಕೆಲವೊಮ್ಮೆ ಕಾಯ್ದೆಯ ಉದ್ದೇಶ ನೋಡಿ ‘ಮೇ’ ಇದ್ದಲ್ಲಿ ಕಡ್ಡಾಯ ಎಂದೂ, ‘ಶಲ್’ ಇದ್ದಲ್ಲಿ ಕಡ್ಡಾಯವಲ್ಲ ಎಂದೂ ಅರ್ಥೈಸಿದ್ದುಂಟು. ಅದನ್ನು ಮುಂದೆ ಶಾಸನಗಳ ಅರ್ಥವಿವರಣೆಯ ಪತ್ರಿಕೆಯಲ್ಲಿ ಓದುತ್ತೀರಿ. ಈಗ ತಕ್ಕದ್ದು, ಬಹುದು, ಇವೆರಡನ್ನು ಗಟ್ಟಿ ಮಾಡಿಕೊಳ್ಳಿ.

ಒಂದು ಕಲಮನ್ನು ಒಟ್ಟಿಗೆ ಓದೋಣ. ದಿನವೂ ಬೀದಿಯಲ್ಲಿ ಕಾಣುವ ವಿಷಯ, ಹೆಲ್ಮೆಟ್. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ, 2019ರ ತಿದ್ದುಪಡಿಯ ನಂತರದ ರೂಪ. ಮೊದಲಿಗೆ ‘ಎವೆರಿ ಪರ್ಸನ್’ ಎಂದಿದೆ. ಯಾರು? ನಾಲ್ಕು ವರ್ಷ ದಾಟಿದವರು. ಎಂಥವರು? ‘ಡ್ರೈವಿಂಗ್ ಆರ್ ರೈಡಿಂಗ್ ಆರ್ ಬೀಯಿಂಗ್ ಕ್ಯಾರೀಡ್’, ಅಂದರೆ ಮೋಟಾರ್ ಸೈಕಲ್ ಓಡಿಸುವವರು, ಅದರಲ್ಲಿ ಸವಾರಿ ಮಾಡುವವರು, ಕೂರಿಸಿಕೊಂಡು ಒಯ್ಯಲ್ಪಡುವವರು. ಹಿಂದಿನ ಸೀಟಿನವರು ತಪ್ಪಿಸಿಕೊಳ್ಳದಂತೆ ‘ಆರ್’ ಎರಡು ಸಲ ಬಂದಿದೆ. ಆಮೇಲೆ ‘ಶಲ್’. ಅದರ ಬೆನ್ನಿಗೇ ಎರಡು ಅಲ್ಪವಿರಾಮಗಳ ನಡುವೆ ‘ವೈಲ್ ಇನ್ ಎ ಪಬ್ಲಿಕ್ ಪ್ಲೇಸ್’, ಸಾರ್ವಜನಿಕ ಸ್ಥಳದಲ್ಲಿರುವಾಗ. ಅಂತೂ ಕಡೆಗೆ ಕ್ರಿಯಾಪದ ಬಂತು: ‘ವೇರ್ ಪ್ರೊಟೆಕ್ಟಿವ್ ಹೆಡ್‌ಗಿಯರ್’.

‘ಶಲ್’ ಒಂದು ಕಡೆ, ‘ವೇರ್’ ಇನ್ನೊಂದು ಕಡೆ. ನಿಮಗೆ ಎರಡು ಸಾಲು ದಾಟಲು ಆಗದಿರುವುದು ಇಂಥ ದೂರದಿಂದ. ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಷರತ್ತುಗಳನ್ನು ತುಂಬುವುದು ಕಾಯ್ದೆ ಬರೆಯುವವರ ಪದ್ಧತಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದಕ್ಕೆ ಕಾಯುವ ಅಭ್ಯಾಸ ನಮಗೆ ಹುಟ್ಟಿನಿಂದ ಇದೆ. ಇಲ್ಲೂ ಹಾಗೇ ಕಾಯಿರಿ. ಪೆನ್ಸಿಲ್ ಹಿಡಿದು ಯಾರು, ಶಲ್ ಅಥವಾ ಮೇ, ಏನು ಮಾಡಬೇಕು, ಈ ಮೂರಕ್ಕೆ ಮೊದಲು ಗೆರೆ ಎಳೆಯಿರಿ. ‘ಎವೆರಿ ಪರ್ಸನ್ ಶಲ್ ವೇರ್ ಹೆಡ್‌ಗಿಯರ್’. ಅಸ್ಥಿಪಂಜರ ಸಿಕ್ಕಿತು, ಮಾಂಸವನ್ನು ಆಮೇಲೆ ನೋಡಬಹುದು.

ಮುಂದೆ ‘ಕನ್‌ಫಾರ್ಮಿಂಗ್ ಟು ಸಚ್ ಸ್ಟ್ಯಾಂಡರ್ಡ್ಸ್ ಆ್ಯಸ್ ಮೇ ಬಿ ಪ್ರಿಸ್ಕ್ರೈಬ್ಡ್’ ಎಂದಿದೆ. ‘ಪ್ರಿಸ್ಕ್ರೈಬ್’ ಅಂದರೆ ಡಾಕ್ಟರು ಔಷಧಿ ಚೀಟಿ ಬರೆಯುವುದು ಎಂದು ನಮಗೆ ಗೊತ್ತು. ಕಾಯ್ದೆಯಲ್ಲಿ ಅದು ‘ನಿಯಮಗಳಲ್ಲಿ ಗೊತ್ತುಪಡಿಸಿದ’. ಹಾಗಾಗಿ ಈ ಪದ ಕಂಡ ಕೂಡಲೇ ಇನ್ನೊಂದು ಪುಸ್ತಕ ಹುಡುಕಬೇಕು. ಕಾಯ್ದೆಯನ್ನು ಮಾಡುವುದು ಸಂಸತ್ತು ಅಥವಾ ವಿಧಾನಮಂಡಲ, ಅದು ‘ಆ್ಯಕ್ಟ್’. ಅದರ ಅಡಿಯಲ್ಲಿ ಸರ್ಕಾರ ಮಾಡುವುದು ‘ರೂಲ್ಸ್’. 1988ರ ಆ್ಯಕ್ಟಿಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇವೆ, ಅದೇ ವರ್ಷದ ಕರ್ನಾಟಕದ ನಿಯಮಗಳೂ ಇವೆ. ಆಡುಮಾತಿನಲ್ಲಿ ಎಲ್ಲವನ್ನೂ ‘ರೂಲ್ಸು’ ಎನ್ನುತ್ತೇವೆ. ವಕೀಲರಾಗುವವರು ಹಾಗೆ ಅನ್ನುವಂತಿಲ್ಲ. ಆ್ಯಕ್ಟನ್ನು ಮೀರಿದ ರೂಲ್ ನಿಲ್ಲುವುದಿಲ್ಲ.

ಆಮೇಲೆ ‘ಪ್ರೊವೈಡೆಡ್ ದಟ್’. ಕನ್ನಡ ಕಾಯ್ದೆಗಳಲ್ಲಿ ಇದು ‘ಪರಂತು’, ಆ ವಾಕ್ಯಭಾಗ ಪರಂತುಕ. ಮೇಲೆ ಹೇಳಿದ್ದಕ್ಕೆ ಒಂದು ಹೊರತು ಇದೆ ಎಂದು ಅದು ತಿಳಿಸುತ್ತದೆ. ಇಲ್ಲಿ ಪೇಟ ಧರಿಸಿದ ಸಿಖ್ಖರಿಗೆ ಈ ಕಲಂ ಅನ್ವಯಿಸುವುದಿಲ್ಲ, ‘ಶಲ್ ನಾಟ್ ಅಪ್ಲೈ ಟು’. ಕೊನೆಗೆ ‘ಎಕ್ಸ್‌ಪ್ಲನೇಷನ್’, ವಿವರಣೆ. ಹೆಡ್‌ಗಿಯರ್ ಎಂದರೇನು ಎಂದು ಅಲ್ಲಿ ಎರಡು ಅಂಶಗಳಲ್ಲಿ ಹೇಳಿದೆ. ಅದರ ಆಕಾರ, ವಸ್ತು, ರಚನೆ ಅಪಘಾತದಲ್ಲಿ ತಲೆಯನ್ನು ಕಾಯುವಂತಿರಬೇಕು. ಜೊತೆಗೆ ಪಟ್ಟಿಯಿಂದ ತಲೆಗೆ ಭದ್ರವಾಗಿ ಕಟ್ಟಿರಬೇಕು. ಎರಡರ ನಡುವೆ ಇರುವ ಪದ ‘ಆ್ಯಂಡ್’. ಆ ಒಂದು ಪದದ ದೆಸೆಯಿಂದ, ಪಟ್ಟಿ ಬಿಗಿಯದೆ ತಲೆಯ ಮೇಲೆ ಸುಮ್ಮನೆ ಇಟ್ಟುಕೊಂಡ ಹೆಲ್ಮೆಟ್ಟು ಕಾನೂನಿನ ಕಣ್ಣಿಗೆ ಹೆಲ್ಮೆಟ್ಟೇ ಅಲ್ಲ. ‘ಆ್ಯಂಡ್’ ಬದಲು ‘ಆರ್’ ಇದ್ದಿದ್ದರೆ ಊರಿಗೂರೇ ಪಾರಾಗುತ್ತಿತ್ತು. ನಿಮ್ಮ ನಿಘಂಟಿನಲ್ಲಿ ‘ಆ್ಯಂಡ್’ ಇದ್ದಿರಲಿಕ್ಕಿಲ್ಲ, ಇದ್ದರೂ ನೀವು ಅದನ್ನು ದಾಟಿಕೊಂಡೇ ‘ಬಿ’ಗೆ ಬಂದಿರುತ್ತೀರಿ.

ಇದೇ ಜಾತಿಯ ಇನ್ನೆರಡು ಮಾತು. ‘ಸಬ್ಜೆಕ್ಟ್ ಟು’ ಅಂದರೆ ‘ಒಳಪಟ್ಟು’: ನಾನು ಅದಕ್ಕಿಂತ ಕೆಳಗೆ. ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಅಂದರೆ ‘ಏನೇ ಒಳಗೊಂಡಿದ್ದಾಗ್ಯೂ’: ನಾನು ಅದಕ್ಕಿಂತ ಮೇಲೆ. ಕಲಮಿನ ಮೊದಲ ಪದವಾಗಿ ಇವೆರಡರಲ್ಲಿ ಯಾವುದಿದೆ ಎಂದು ನೋಡಿದರೆ, ಎರಡು ಕಲಮುಗಳು ಜಗಳವಾಡಿದಾಗ ಯಾರು ಗೆಲ್ಲುತ್ತಾರೆ ಎಂದು ಓದುವ ಮೊದಲೇ ತಿಳಿಯುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಂ ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂದೇ ಶುರುವಾಗುತ್ತದೆ. ಕೊಡಬೇಕಾಗಿಲ್ಲದ ಮಾಹಿತಿಗಳ ಪಟ್ಟಿ ಇರುವುದು ಅಲ್ಲೇ.

ಈಗ ಗೊತ್ತಿದೆ ಎಂದುಕೊಂಡ ಪದಗಳ ಕಡೆ ಬರೋಣ. ‘ಸೆಂಟೆನ್ಸ್’ ಶಾಲೆಯಲ್ಲಿ ವಾಕ್ಯ, ಕೋರ್ಟಿನಲ್ಲಿ ಶಿಕ್ಷೆ. ‘ಪ್ರೇಯರ್’ ದೇವರ ಮುಂದೆ ಪ್ರಾರ್ಥನೆ, ಅರ್ಜಿಯ ಕೊನೆಯಲ್ಲಿ ಕೇಳುವ ಪರಿಹಾರ. ‘ಟೈಟಲ್’ ಪುಸ್ತಕಕ್ಕೆ ಹೆಸರು, ಜಮೀನಿಗೆ ಮಾಲೀಕತ್ವದ ಹಕ್ಕು. ‘ಕನ್ಸಿಡರೇಷನ್’ ಅಂದರೆ ಪರಿಗಣನೆ ಎಂದು ತಿಳಿದು ಕರಾರು ಕಾಯ್ದೆ ಓದಿದರೆ ದಿಕ್ಕೇ ತಪ್ಪುತ್ತದೆ, ಅಲ್ಲಿ ಅದು ಪ್ರತಿಫಲ. ‘ಎಕ್ಸಿಕ್ಯೂಟ್’ ಮಾಡುವುದು ಕ್ರಯಪತ್ರವಾದರೆ ಬರೆದು ಸಹಿ ಮಾಡಿಕೊಡುವುದು, ಡಿಕ್ರಿಯಾದರೆ ಅಮಲುಜಾರಿ. ‘ಸರ್ವಿಸ್’ ಬಸ್ಸಿನದೂ ಅಲ್ಲ, ಗಾಡಿಯದೂ ಅಲ್ಲ, ನೋಟಿಸನ್ನು ಮುಟ್ಟಿಸುವುದು. ‘ಬಿಲ್’ ಅಂಗಡಿಯಲ್ಲಿ ಒಂದು, ವಿಧಾನಸೌಧದಲ್ಲಿ ಇನ್ನೊಂದು. ಗೋಡೆಯ ಮೇಲೆ ‘ಸ್ಟಿಕ್ ನೋ ಬಿಲ್ಸ್’ ಎಂದು ಬರೆದಿರುವುದು ಮೂರನೆಯದು, ಭಿತ್ತಿಪತ್ರ.

ಇವುಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ‘ಸ್ಯಾಂಕ್ಷನ್’. ಸಾಲ ಸ್ಯಾಂಕ್ಷನ್ ಆಯಿತು, ರಜೆ ಸ್ಯಾಂಕ್ಷನ್ ಆಯಿತು ಎಂದು ನಮ್ಮ ಮನೆಗಳಲ್ಲಿ ಅಜ್ಜಿಯರೂ ಹೇಳುತ್ತಾರೆ. ಸರ್ಕಾರಿ ನೌಕರರ ಮೇಲೆ ಮೊಕದ್ದಮೆ ಹೂಡಲು ಬೇಕಾದ ಪೂರ್ವಾನುಮತಿಯೂ ಸ್ಯಾಂಕ್ಷನ್ನೇ. ಅದೇ ಪದ ಒಂದು ದೇಶದ ಮೇಲೆ ಹೇರುವ ನಿರ್ಬಂಧಕ್ಕೂ, ನಿಯಮ ಮುರಿದವರಿಗೆ ಕೊಡುವ ದಂಡನೆಗೂ ಬಳಕೆಯಲ್ಲಿದೆ. ಅನುಮತಿ, ದಂಡನೆ ಎರಡೂ ಒಂದೇ ಪದದಲ್ಲಿ! ಯಾವುದು ಎಂದು ಅಕ್ಕಪಕ್ಕದ ಪದಗಳೇ ಹೇಳಬೇಕು. ಒಂಟಿ ಪದವನ್ನು ಬಾಯಿಪಾಠ ಮಾಡುವುದು ವ್ಯರ್ಥ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಹೇಳುವಾಗ ತೊಡಕು ಬೇರೆ ಬಗೆಯದು. ನಮ್ಮ ಒಂದು ಪದಕ್ಕೆ ಅಲ್ಲಿ ಹತ್ತು ಪದ. ‘ರದ್ದು’ ಅನ್ನೇ ತೆಗೆದುಕೊಳ್ಳಿ. ಲೈಸೆನ್ಸ್ ರದ್ದು, ಕಾಯ್ದೆ ರದ್ದು, ಎಫ್‌ಐಆರ್ ರದ್ದು, ತೀರ್ಪು ರದ್ದು ಎಂದು ಎಲ್ಲಕ್ಕೂ ಒಂದೇ ಪದದಲ್ಲಿ ಕೆಲಸ ಮುಗಿಸುತ್ತೇವೆ. ಇಂಗ್ಲಿಷಿನಲ್ಲಿ ಯಾರು ರದ್ದು ಮಾಡಿದರು, ಏನನ್ನು ಮಾಡಿದರು ಎಂಬುದರ ಮೇಲೆ ಪದ ಬದಲಾಗುತ್ತದೆ. ಶಾಸಕಾಂಗವು ತಾನೇ ಮಾಡಿದ ಕಾಯ್ದೆಯನ್ನು ಹಿಂತೆಗೆದರೆ ‘ರಿಪೀಲ್’. ಮೂರು ಕೃಷಿ ಕಾಯ್ದೆಗಳನ್ನು ಸಂಸತ್ತು 2021ರಲ್ಲಿ ‘ರಿಪೀಲ್’ ಮಾಡಿತು. ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಾಲಯ ತೆಗೆದುಹಾಕಿದರೆ ‘ಸ್ಟ್ರೈಕ್ ಡೌನ್’. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚಿನಲ್ಲಿ ಹಾಗೆ ತೆಗೆದುಹಾಕಿತು. ಸುಪ್ರೀಂ ಕೋರ್ಟ್ ‘ರಿಪೀಲ್’ ಮಾಡಿತು ಎಂದು ಪರೀಕ್ಷೆಯಲ್ಲಿ ಬರೆದರೆ ಅದು ಬರೀ ಭಾಷೆಯ ತಪ್ಪಾಗಿ ಉಳಿಯುವುದಿಲ್ಲ, ಅಧಿಕಾರ ವಿಭಜನೆಯೇ ಗೊತ್ತಿಲ್ಲ ಎಂದಾಗುತ್ತದೆ. ಎಫ್‌ಐಆರ್ ಅಥವಾ ಅಧಿಕಾರಿಯ ಆದೇಶವನ್ನು ಹೈಕೋರ್ಟ್ ‘ಕ್ವಾಶ್’ ಮಾಡುತ್ತದೆ. ಕೆಳಗಿನ ಕೋರ್ಟಿನ ತೀರ್ಪನ್ನು ಮೇಲಿನ ಕೋರ್ಟು ‘ಸೆಟ್ ಅಸೈಡ್’ ಮಾಡುತ್ತದೆ. ಲೈಸೆನ್ಸ್ ‘ರಿವೋಕ್’ ಇಲ್ಲವೇ ‘ಕ್ಯಾನ್ಸಲ್’, ಅಧಿಸೂಚನೆ ‘ರಿಸಿಂಡ್’. ಯಾರೂ ಕೈ ಹಾಕದೆ ಅವಧಿ ಮುಗಿದು ತಾನಾಗಿ ಬಿದ್ದುಹೋದರೆ ‘ಲ್ಯಾಪ್ಸ್’.

‘ಒಪ್ಪಿಗೆ’ಯ ಕಥೆಯೂ ಹೀಗೇ. ರೋಗಿ ಆಪರೇಷನ್ನಿಗೆ ಕೊಡುವುದು ‘ಕನ್‌ಸೆಂಟ್’. ರಾಜ್ಯಪಾಲರು ಮಸೂದೆಗೆ ಹಾಕುವ ಅಂಕಿತ ‘ಅಸೆಂಟ್’. ಮಂತ್ರಿಮಂಡಲದ್ದು ‘ಅಪ್ರೂವಲ್’, ಧ್ವನಿವರ್ಧಕ ಹಾಕಲು ಪೊಲೀಸರು ಕೊಡುವುದು ‘ಪರ್ಮಿಷನ್’. ‘ತಪ್ಪು’, ‘ದಂಡ’, ‘ಆದೇಶ’ ಇವನ್ನು ನೀವೇ ಬಿಡಿಸಿ ನೋಡಿ. ಒಂದು ಕನ್ನಡ ಪದವನ್ನು ಪುಟದ ನಡುವೆ ಬರೆದು, ಅದರ ಸುತ್ತ ಇಂಗ್ಲಿಷ್ ಪದಗಳನ್ನು ‘ಯಾರು, ಯಾರಿಗೆ’ ಎಂಬುದರ ಸಮೇತ ಬರೆಯಿರಿ. ‘ಎ’ಯಿಂದ ‘ಬಿ’ವರೆಗಿನ ಎರಡು ತಿಂಗಳಿಗಿಂತ ಇಂಥ ಐದು ಪುಟ ಹೆಚ್ಚು ಕಲಿಸುತ್ತವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಾನೂನಿನ ಭಾಷೆ ನಮಗೆ ಮಾತ್ರ ಪರಕೀಯ ಎಂದು ಕುಗ್ಗಬೇಡಿ. ಇಂಗ್ಲಿಷರಿಗೂ ಅದು ಪರಕೀಯವೇ ಆಗಿತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಕೋರ್ಟುಗಳಿಗೆ ಫ್ರೆಂಚ್ ಬಂತು, ದಾಖಲೆಗಳು ಲ್ಯಾಟಿನ್ನಿನಲ್ಲಿದ್ದವು. ಜನರಿಗೆ ಅರ್ಥವಾಗುವುದಿಲ್ಲ ಎಂದು 1362ರಲ್ಲಿ ವಾದವನ್ನು ಇಂಗ್ಲಿಷಿನಲ್ಲಿ ಮಾಡಬೇಕೆಂಬ ಕಾಯ್ದೆ ಬಂತು. ಆದರೂ ಕೋರ್ಟು, ಜಡ್ಜ್, ಬೇಲ್, ಪ್ಲೇಂಟಿಫ್, ಮಾರ್ಟ್‌ಗೇಜ್ ಎಲ್ಲ ಫ್ರೆಂಚಿನಿಂದ ಬಂದು ಅಲ್ಲೇ ನಿಂತವು. ನಮ್ಮಲ್ಲೂ ಆದದ್ದು ಇದೇ. ವಕೀಲ, ಜಾಮೀನು, ಫಿರ್ಯಾದಿ, ಜಪ್ತಿ, ತಕರಾರು, ಕೈಫಿಯತ್ತು, ಕಡೆಗೆ ಕಾನೂನು, ಕಾಯ್ದೆ ಎಂಬ ಪದಗಳೂ ಅರಬ್ಬಿ, ಪಾರಸಿ ಆಡಳಿತದ ಭಾಷೆಯಿಂದ ಬಂದವು. ಇವತ್ತು ಅವನ್ನು ಪರಭಾಷೆಯವು ಎನ್ನುವವರು ಯಾರು? ನಿಮ್ಮ ಅಜ್ಜ ‘ತಕರಾರು ಅರ್ಜಿ ಹಾಕಿದೆ’ ಅನ್ನುವಾಗ ‘ಆಬ್ಜೆಕ್ಷನ್’ ಎಂಬುದರ ಅರ್ಥ ನಿಮ್ಮ ಮನೆಗೆ ಆಗಲೇ ಬಂದಿತ್ತು. ಹೊಸದಾಗಿ ಕಲಿಯಬೇಕಾದ್ದು ಪದ ಮಾತ್ರ. ಇಂಗ್ಲಿಷ್ ಪದದ ಎದುರು ಸಂಸ್ಕೃತದ ಗಟ್ಟಿ ಅನುವಾದ ಬರೆಯುವ ಬದಲು ಊರಿನ ಪದ ಬರೆಯಿರಿ. ‘ರಿಟನ್ ಸ್ಟೇಟ್‌ಮೆಂಟ್’ ಎದುರು ‘ಕೈಫಿಯತ್ತು’, ‘ಅಟ್ಯಾಚ್‌ಮೆಂಟ್’ ಎದುರು ‘ಜಪ್ತಿ’. ಬೇಗ ಹಿಡಿಯುತ್ತದೆ.

ಕನ್ನಡದ ಪದದಲ್ಲೇ ಕಥೆ ಇರುವುದೂ ಉಂಟು. ‘ಆರ್ಡಿನೆನ್ಸ್’ಗೆ ಪತ್ರಿಕೆಗಳು ‘ಸುಗ್ರೀವಾಜ್ಞೆ’ ಎನ್ನುತ್ತವೆ. ಸೀತೆಯನ್ನು ಹುಡುಕಲು ಹೊರಟ ಕಪಿಗಳಿಗೆ ಸುಗ್ರೀವ ಒಂದು ತಿಂಗಳ ಗಡುವು ಹಾಕಿದ್ದ. ನಮ್ಮ ಸುಗ್ರೀವಾಜ್ಞೆಗೂ ಗಡುವಿದೆ. ಸದನ ಮತ್ತೆ ಸೇರಿದ ಮೇಲೆ ಆರು ವಾರದೊಳಗೆ ಅದು ಕಾಯ್ದೆಯಾಗದಿದ್ದರೆ ಬಿದ್ದುಹೋಗುತ್ತದೆ. ಅಂಥ ಆಜ್ಞೆ ಹೊರಡಿಸುವ ಅಧಿಕಾರವನ್ನು ರಾಷ್ಟ್ರಪತಿಗೆ 123ನೇ, ರಾಜ್ಯಪಾಲರಿಗೆ 213ನೇ ಅನುಚ್ಛೇದ ಕೊಟ್ಟಿದೆ. ಕನ್ನಡದ್ದೇ ಬಲೆಗಳೂ ಇವೆ, ಎಚ್ಚರ. ಪತ್ರಿಕೆಯಲ್ಲಿ ‘ಪ್ರಕರಣ’ ಅಂದರೆ ಕೇಸು. ಕರ್ನಾಟಕದ ಕಾಯ್ದೆಗಳ ಅಧಿಕೃತ ಕನ್ನಡ ಪಠ್ಯದಲ್ಲಿ ಅದೇ ಪದ ‘ಸೆಕ್ಷನ್’ಗೆ ಬರುತ್ತದೆ. ಸಂವಿಧಾನದಲ್ಲಿರುವುದು ‘ಆರ್ಟಿಕಲ್’, ಅನುಚ್ಛೇದ. ‘ಸೆಕ್ಷನ್ 21 ಆಫ್ ದ ಕಾನ್‌ಸ್ಟಿಟ್ಯೂಷನ್’ ಎಂದು ಮಾತ್ರ ಎಲ್ಲೂ ಹೇಳಬೇಡಿ.

ಮಾತಾಡುವುದರ ಬಗ್ಗೆಯೂ ಕೇಳಿದ್ದೀರಿ. ಮಾತಿನಲ್ಲಿ ನಮ್ಮವರನ್ನು ಬಯಲಿಗೆಳೆಯುವುದು ‘ಆಫ್’, ‘ವಿತ್’, ‘ಟು’ಗಳು. ಒಬ್ಬ ಮನುಷ್ಯನ ದಾರಿಯನ್ನೇ ಹಿಡಿದು ಕಲಿಯಿರಿ. ಕಳ್ಳತನವಾಯಿತು. ಪೊಲೀಸರಿಗೆ ಒಬ್ಬನ ಮೇಲೆ ಗುಮಾನಿ, ಅವನು ‘ಸಸ್ಪೆಕ್ಟ್’. ಅವನನ್ನು ಹಿಡಿದರು, ‘ಅರೆಸ್ಟೆಡ್ ಫಾರ್ ಥೆಫ್ಟ್’. ಆರೋಪ ಬಂತು, ‘ಅಕ್ಯೂಸ್ಡ್ ಆಫ್ ಥೆಫ್ಟ್’. ಕೋರ್ಟು ದೋಷಾರೋಪ ಹೊರಿಸಿತು, ‘ಚಾರ್ಜ್ಡ್ ವಿತ್ ಥೆಫ್ಟ್’. ಸಾಬೀತಾಯಿತು, ‘ಕನ್‌ವಿಕ್ಟೆಡ್ ಆಫ್’. ಶಿಕ್ಷೆ ಬಿತ್ತು, ‘ಸೆಂಟೆನ್ಸ್ಡ್ ಟು ಒನ್ ಇಯರ್’. ಸಾಬೀತಾಗದೆ ಖುಲಾಸೆಯಾದರೆ ‘ಅಕ್ವಿಟೆಡ್ ಆಫ್’. ವಿಚಾರಣೆ ನಡೆಸುವಷ್ಟೂ ಆಧಾರವಿಲ್ಲ ಎಂದು ಮೊದಲೇ ಕೈಬಿಟ್ಟರೆ ‘ಡಿಸ್ಚಾರ್ಜ್ಡ್’, ಆಸ್ಪತ್ರೆಯಿಂದ ಮನೆಗೆ ಕಳಿಸುವ ಪದವೇ. ಮೇಲ್ಮನವಿ ‘ಅಪೀಲ್ ಅಗೇನ್‌ಸ್ಟ್’. ಇದನ್ನು ಕಥೆಯ ಹಾಗೆ ತಂಗಿಗೋ ಗೆಳತಿಗೋ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ನಾಲ್ಕು ದಿನ ಹೇಳಿ. ‘ಅಕ್ಯೂಸ್ಡ್’ ಎಂಬಲ್ಲಿ ‘ಕಲ್ಪ್ರಿಟ್’ ಎನ್ನಬೇಡಿ. ಕನ್ನಡದಲ್ಲಿ ಆರೋಪಿ, ಅಪರಾಧಿ ಎರಡೂ ಪದ ಸ್ಪಷ್ಟವಾಗಿದ್ದರೂ ಟಿವಿಯಲ್ಲಿ ಬಂಧನದ ದಿನವೇ ಅಪರಾಧಿ ಎಂದುಬಿಡುತ್ತಾರೆ. ನನಗೆ ಅದು ಪ್ರತಿ ಸಲವೂ ನೋವು ಕೊಡುತ್ತದೆ. ನೀವು ವಕೀಲರಾಗುವವರು, ಈ ಗೆರೆಯನ್ನು ನೀವಾದರೂ ಕಾಯಬೇಕು.

ನಿಯಮದ ಜೊತೆಗೆ ಬರುವ ಕ್ರಿಯಾಪದಗಳನ್ನೂ ಹೀಗೆ ಜೋಡಿಯಾಗಿ ಹಿಡಿಯಿರಿ. ‘ಫಾಲೋ’, ‘ಒಬೇ’ ಇವಕ್ಕೆ ಮುಂದೆ ಏನೂ ಬೇಡ. ‘ಕಂಪ್ಲೈ’ಗೆ ‘ವಿತ್’ ಬೇಕು, ‘ಅಬೈಡ್’ಗೆ ‘ಬೈ’. ವಿನಾಯಿತಿ ‘ಎಕ್ಸೆಂಪ್ಟ್ ಫ್ರಮ್’, ಅರ್ಹತೆ ‘ಎನ್‌ಟೈಟಲ್ಡ್ ಟು’. ಕಾನೂನು ‘ಬ್ರೇಕ್’, ಕರಾರು ‘ಬ್ರೀಚ್’. ದಂಡ ಹಾಕುವುದು ‘ಇಂಪೋಸ್’, ತೆರಿಗೆ ವಿಧಿಸುವುದು ‘ಲೆವಿ’, ಜಾರಿ ಮಾಡುವುದು ‘ಎನ್‌ಫೋರ್ಸ್’, ಜಾರಿಗೆ ಬರುವುದು ‘ಕಮ್ ಇನ್‌ಟು ಫೋರ್ಸ್’.

ಈ ಕೊನೆಯದಕ್ಕೆ ಒಳ್ಳೆಯ ನಿದರ್ಶನ ನಿಮ್ಮ ಪಠ್ಯದಲ್ಲೇ ಇದೆ. ಭಾರತೀಯ ನ್ಯಾಯ ಸಂಹಿತೆಗೆ ರಾಷ್ಟ್ರಪತಿಯವರ ‘ಅಸೆಂಟ್’ ಸಿಕ್ಕಿದ್ದು 2023ರ ಡಿಸೆಂಬರ್ 25ರಂದು. ಅದು ‘ಕಮ್ ಇನ್‌ಟು ಫೋರ್ಸ್’ ಆದದ್ದು 2024ರ ಜುಲೈ 1ರಂದು. ಅದೂ ಪೂರ್ತಿಯಾಗಿ ಅಲ್ಲ, 106ನೇ ಕಲಮಿನ 2ನೇ ಉಪಕಲಂ ಬಿಟ್ಟು. ಅಪಘಾತ ಮಾಡಿ ಓಡಿಹೋಗುವವರ ಮೇಲಿನ ಆ ಉಪಕಲಮಿನ ವಿರುದ್ಧ ಲಾರಿ ಚಾಲಕರು ಮುಷ್ಕರ ಹೂಡಿದ್ದು ನೆನಪಿರಬಹುದು. ಪುಸ್ತಕದಲ್ಲಿ ಅಚ್ಚಾಗಿದ್ದ ಮಾತ್ರಕ್ಕೆ ಜಾರಿಯಲ್ಲಿದೆ ಎಂದಲ್ಲ. ಅದೇ ಸಂಹಿತೆಯ ಕೊನೆಯ ಕಲಂ, 358ನೆಯದು, ‘ರಿಪೀಲ್ ಆ್ಯಂಡ್ ಸೇವಿಂಗ್ಸ್’. ಬ್ಯಾಂಕಿನ ಸೇವಿಂಗ್ಸ್ ಅಲ್ಲ. 1860ರ ದಂಡ ಸಂಹಿತೆ ಹೋದರೂ ಅದರಡಿಯಲ್ಲಿ ಆಗಲೇ ಆಗಿಹೋದದ್ದನ್ನು, ನಡೆಯುತ್ತಿರುವ ಕೇಸುಗಳನ್ನು ಉಳಿಸಿಕೊಳ್ಳುವುದು.

ಶಿಕ್ಷೆಯ ಮಾತುಗಳಲ್ಲಿ ಎರಡು ಕಡೆ ನಿಲ್ಲಿ. ಅದೇ ನ್ಯಾಯ ಸಂಹಿತೆಯಲ್ಲಿ ಕಳ್ಳತನದ ಶಿಕ್ಷೆ ಹೇಳುವ 303ನೇ ಕಲಮಿನ 2ನೇ ಉಪಕಲಮಿನಲ್ಲಿ ‘ಮೇ ಎಕ್ಸ್‌ಟೆಂಡ್ ಟು ಥ್ರೀ ಇಯರ್ಸ್’ ಎಂದಿದೆ. ಮೂರು ವರ್ಷ ಶಿಕ್ಷೆ ಎಂದು ಅರ್ಥವಲ್ಲ, ಮೂರು ವರ್ಷದವರೆಗೆ. ಎರಡನೇ ಸಲವೂ ಅಪರಾಧಿಯೆಂದು ತೀರ್ಪಾದರೆ ‘ಶಲ್ ನಾಟ್ ಬಿ ಲೆಸ್ ದ್ಯಾನ್ ಒನ್ ಇಯರ್’, ಅಂದರೆ ಒಂದು ವರ್ಷಕ್ಕೆ ಕಡಿಮೆ ಇಲ್ಲದಂತೆ. ಮೊದಲನೆಯದು ಮೇಲಿನ ಮಿತಿ, ಎರಡನೆಯದು ಕೆಳಗಿನ ಮಿತಿ. ಇನ್ನೊಂದು ‘ನಾನ್‌ಬೇಲಬಲ್’. ಪತ್ರಿಕೆಯ ‘ಜಾಮೀನುರಹಿತ’ ಓದಿ ಜಾಮೀನು ಸಿಗುವುದೇ ಇಲ್ಲ ಎಂದು ಊರವರೆಲ್ಲ ಹೆದರುತ್ತಾರೆ. ‘ಬೇಲಬಲ್’ ಅಪರಾಧದಲ್ಲಿ ಜಾಮೀನು ಹಕ್ಕು. ‘ನಾನ್‌ಬೇಲಬಲ್’ ಆದರೆ ಅದು ಹಕ್ಕಾಗಿ ಸಿಗುವುದಿಲ್ಲ, ಕೋರ್ಟಿನ ವಿವೇಚನೆಗೆ ಸೇರಿದ್ದು. ಸಿಗುವುದುಂಟು.

ಉಚ್ಚಾರಣೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಮೂರು ನೆನಪಿರಲಿ: ಸಾಲ ಎಂಬ ಅರ್ಥದ ‘ಡೆಟ್’ನಲ್ಲಿ ‘ಬಿ’ ಉಚ್ಚರಿಸಬಾರದು, ದೋಷಾರೋಪ ಹೊರಿಸುವ ‘ಇಂಡೈಟ್’ನಲ್ಲಿ ‘ಸಿ’ ಉಚ್ಚರಿಸಬಾರದು, ಹಾಜರಾಗಲು ಕೋರ್ಟು ಕಳಿಸುವ ‘ಸಬ್‌ಪೀನಾ’ದಲ್ಲಿ ‘ಓ’ ಕೇಳಿಸುವುದಿಲ್ಲ. ‘ಸ್ಟ್ಯಾಚೂಟ್’ ಕಾಯ್ದೆ, ‘ಸ್ಟ್ಯಾಚೂ’ ವಿಗ್ರಹ. ‘ಪ್ರಾಸಿಕ್ಯೂಟ್’ ಮೊಕದ್ದಮೆ ಹೂಡುವುದು, ‘ಪರ್ಸಿಕ್ಯೂಟ್’ ಹಿಂಸಿಸುವುದು.

ಇಷ್ಟೆಲ್ಲ ಯಾಕೆ, ಕನ್ನಡದಲ್ಲೇ ವಕೀಲಿಕೆ ಮಾಡಬಾರದೇ ಎಂದು ನಿಮಗೆ ಅನ್ನಿಸಬಹುದು. ಮಾಡಬಹುದು, ಮಾಡಬೇಕು. ತಾಲ್ಲೂಕು ಕೋರ್ಟುಗಳಲ್ಲಿ ಕನ್ನಡ ನಡೆಯುತ್ತದೆ, ಕಕ್ಷಿದಾರರ ಜೊತೆ ಮಾತಾಡುವುದಂತೂ ಕನ್ನಡದಲ್ಲೇ. ಆದರೆ ಸಂವಿಧಾನದ 348ನೇ ಅನುಚ್ಛೇದ ಸುಪ್ರೀಂ ಕೋರ್ಟ್, ಹೈಕೋರ್ಟುಗಳ ಭಾಷೆಯನ್ನು ಇಂಗ್ಲಿಷ್ ಎಂದಿದೆ. ನಮ್ಮ ವಿಧಾನಮಂಡಲ ಕನ್ನಡದಲ್ಲಿ ಮಾಡಿದ ಕಾಯ್ದೆಗೂ, ರಾಜ್ಯಪಾಲರ ಅಧಿಕಾರದಡಿ ಪ್ರಕಟವಾದ ಇಂಗ್ಲಿಷ್ ಅನುವಾದವನ್ನೇ ಅದರ ಇಂಗ್ಲಿಷಿನ ಅಧಿಕೃತ ಪಠ್ಯವೆಂದು ಭಾವಿಸತಕ್ಕದ್ದು ಎಂದು ಅದೇ ಅನುಚ್ಛೇದದಲ್ಲಿದೆ. ಅರ್ಥದ ತಕರಾರು ಬಂದ ದಿನ ಇಂಗ್ಲಿಷಿನ ‘ಆ್ಯಂಡ್’, ‘ಆರ್’ ನೋಡದೆ ದಾರಿಯಿಲ್ಲ.

ಇದೇ ವ್ಯವಸ್ಥೆ ನಿಮಗೆ ಕಲಿಕೆಯ ಸಾಧನವೂ ಆಗುತ್ತದೆ. ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಕರ್ನಾಟಕದ ಕಾಯ್ದೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತವೆ. ಕೇಂದ್ರದ ಕಾಯ್ದೆಗಳು ‘ಇಂಡಿಯಾ ಕೋಡ್’ ತಾಣದಲ್ಲಿ ಇಂಗ್ಲಿಷಿನಲ್ಲಿ ಇವೆ. ಎಲ್ಲವೂ ಉಚಿತ. ದಿನಕ್ಕೆ ಒಂದೇ ಕಲಂ ಸಾಕು. ಮೊದಲು ಕನ್ನಡ ಓದಿ, ಏನು ಹೇಳುತ್ತದೆ ಎಂದು ನಿಮ್ಮ ಮಾತಿನಲ್ಲಿ ಹೇಳಿಕೊಳ್ಳಿ. ಆಮೇಲೆ ಇಂಗ್ಲಿಷ್ ತೆಗೆದು ಯಾರು, ಶಲ್ ಅಥವಾ ಮೇ, ಏನು ಎಂದು ಗೆರೆ ಎಳೆಯಿರಿ. ಹೊರತುಗಳಿಗೆ ಬೇರೆ ಬಣ್ಣ ಇರಲಿ. ಹೊಸ ಪದ ಸಿಕ್ಕರೆ ಅದನ್ನು ಒಂಟಿಯಾಗಿ ಬರೆಯದೆ, ಅದು ಇದ್ದ ಪೂರ್ತಿ ತುಣುಕನ್ನು ಬರೆದುಕೊಳ್ಳಿ. ಮರುದಿನ ಪುಸ್ತಕ ಮುಚ್ಚಿ ಆ ಕಲಮನ್ನು ಕನ್ನಡದಿಂದ ಇಂಗ್ಲಿಷಿಗೆ ಮಾಡಿ, ಮೂಲದ ಜೊತೆ ಹೋಲಿಸಿ. ತಪ್ಪುಗಳು ಯಾವಾಗಲೂ ಪುಟ್ಟ ಪದಗಳಲ್ಲೇ ಸಿಗುತ್ತವೆ, ನೋಡಿ.

ಶುರು ಮಾಡಲು ಸಂವಿಧಾನದ 21ನೇ ಅನುಚ್ಛೇದ ತೆಗೆದುಕೊಳ್ಳಿ. ಒಂದೇ ವಾಕ್ಯ. ‘ನೋ ಪರ್ಸನ್ ಶಲ್ ಬಿ ಡಿಪ್ರೈವ್ಡ್ ಆಫ್ ಹಿಸ್ ಲೈಫ್ ಆರ್ ಪರ್ಸನಲ್ ಲಿಬರ್ಟಿ ಎಕ್ಸೆಪ್ಟ್ ಅಕಾರ್ಡಿಂಗ್ ಟು ಪ್ರೊಸೀಜರ್ ಎಸ್ಟಾಬ್ಲಿಶ್ಡ್ ಬೈ ಲಾ.’ ಶಲ್ ಇದೆ, ‘ಡಿಪ್ರೈವ್’ ಜೊತೆ ‘ಆಫ್’ ಇದೆ, ಆರ್ ಇದೆ, ಎಕ್ಸೆಪ್ಟ್ ಎಂಬ ಹೊರತು ಇದೆ. ಬಾಯಿಪಾಠ ಮಾಡುವ ಆಸೆಯಿದ್ದರೆ ಇದನ್ನು ಮಾಡಿ. ಆಮೇಲೆ ಎರಡು ಅನುಚ್ಛೇದ ಹಿಂದಕ್ಕೆ, 19ಕ್ಕೆ ಹೋಗಿ. ಅಲ್ಲಿ ‘ಪರ್ಸನ್’ ಇಲ್ಲ, ‘ಸಿಟಿಜನ್ಸ್’ ಇದೆ. ಯಾಕೆ ಎಂದು ನಾಳೆ ತರಗತಿಯಲ್ಲಿ ಮೇಷ್ಟ್ರನ್ನು ಕೇಳಿ.

ದೊಡ್ಡ ನಿಘಂಟು ಈಗ ಬೇಡ. ಪದ ಬಳಸಿದ ವಾಕ್ಯಗಳನ್ನು ಕೊಡುವ, ಕಲಿಯುವವರಿಗೆಂದೇ ಮಾಡಿದ ಸಾಧಾರಣ ಇಂಗ್ಲಿಷ್ ನಿಘಂಟು ಒಂದಿದ್ದರೆ ಸಾಕು. ಯಾವ ಪದದ ಮುಂದೆ ‘ಆಫ್’, ಯಾವುದರ ಮುಂದೆ ‘ವಿತ್’ ಎಂದು ಅದರಲ್ಲಿ ತೋರಿಸಿರುತ್ತಾರೆ, ಕಾನೂನು ನಿಘಂಟಿನಲ್ಲಿ ಸಾಮಾನ್ಯವಾಗಿ ತೋರಿಸುವುದಿಲ್ಲ. ಎರಡು ತಿಂಗಳು ಬರೆದ ಆ ನೋಟ್‌ಬುಕ್ಕನ್ನು ಎಸೆಯಬೇಡಿ. ಕಲಂ ಓದುವಾಗ ‘ಬೇಲ್’, ‘ಬ್ರೀಚ್’ ಎದುರಾದ ದಿನ ಅದರ ಆ ಪುಟಕ್ಕೆ ಹೋಗಿ, ಖಾಲಿ ಬಿಟ್ಟ ಅಂಚಿನಲ್ಲಿ ಕಲಮಿನ ಸಂಖ್ಯೆ ಬರೆಯಿರಿ.